ಗಾಜಿನಲ್ಲಿ ಗೆರೆ ಉಳಿದರೆ ಸೋಪನ್ನು ಬೈಯುವ ಮುಂಚೆ ರಬ್ಬರ್ ನೋಡಿ

ಕಿಟಕಿಯ ಗಾಜಿಗೆ ಸೋಪುನೀರು ಹಚ್ಚಿ ವೈಪರ್ ಇಟ್ಟು ಎಳೆಯುತ್ತೀರಿ. ಒದ್ದೆಯಾಗಿರುವಷ್ಟು ಹೊತ್ತು ಎಲ್ಲ ಚೊಕ್ಕವಾಗಿಯೇ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದರೆ, ಕೂದಲೆಳೆಯಂಥ ಬಿಳಿ ಗೆರೆಗಳು ಮೇಲಿನಿಂದ ಕೆಳಗಿನವರೆಗೂ ನಿಂತಿರುತ್ತವೆ. ಸೋಪು ಹೆಚ್ಚಾಯಿತೇನೋ ಎಂದು ಕಡಿಮೆ ಮಾಡುತ್ತೀರಿ. ಬೇರೆ ಲಿಕ್ವಿಡ್ ತರುತ್ತೀರಿ. ಕೈ ಒತ್ತಿ ಎಳೆಯುತ್ತೀರಿ. ಕೊನೆಗೆ ಹಳೆಯ ಪೇಪರ್ ಮುದುರಿ ಉಜ್ಜುತ್ತೀರಿ. ಗೆರೆ ಮಾತ್ರ ಹೋಗುವುದಿಲ್ಲ.

ನಾನೂ ಎರಡು ವರ್ಷ ಇದನ್ನೇ ಮಾಡಿದೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಹೊರಗಾಜು ತೊಳೆಯಲು ಬಂದಿದ್ದ ರಾಯಚೂರು ಕಡೆಯ ಹಿರಿಯರೊಬ್ಬರು ಒಮ್ಮೆ ನನ್ನ ವೈಪರನ್ನು ಕೈಗೆ ತೆಗೆದುಕೊಂಡರು. ರಬ್ಬರಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, “ಸೋಪಿಂದೇನ್ ತಪ್ಪಿಲ್ರೀ ಸರ, ರಬ್ಬರ್ ಸತ್ತೈತಿ” ಅಂದರು. ಸೊಂಟದ ಚೀಲದಿಂದ ಹೊಸ ರಬ್ಬರ್ ತೆಗೆದು, ನನ್ನ ವೈಪರಿಗೇ ತೊಡಿಸಿ, ಅದೇ ಬಕೆಟಿನ ಅದೇ ನೀರಿನಲ್ಲಿ ಒಮ್ಮೆ ಎಳೆದು ತೋರಿಸಿದರು. ಗಾಜು ಇದೆಯೋ ಇಲ್ಲವೋ ಅನ್ನುವಂತಾಯಿತು.

ಅಂದಿನಿಂದ ಈ ಕೆಲಸ ಮಾಡುವವರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತ ಬಂದೆ: ರಬ್ಬರ್ ಎಷ್ಟು ದಿನಕ್ಕೆ ಬದಲಿಸುತ್ತೀರಿ? ಒಬ್ಬರು ದಿನಾ ಅಂದರು, ಇನ್ನೊಬ್ಬರು ವಾರಕ್ಕೊಮ್ಮೆ ಅಂದರು, ಮತ್ತೊಬ್ಬರು ಹರಿದಾಗ ಅಂದರು. ಮೊದಲಿನ ಇಬ್ಬರದೂ ಸರಿಯಿರಬಹುದು. ಮೂರನೆಯವರದು ಮಾತ್ರ ಖಂಡಿತ ತಪ್ಪು. ಕಾರಣ ತಿಳಿಯಬೇಕಾದರೆ ಆ ಕಪ್ಪು ಪಟ್ಟಿ ಗಾಜಿನ ಮೇಲೆ ಮಾಡುವ ಕೆಲಸ ಏನೆಂದು ಮೊದಲು ನೋಡಬೇಕು.

ಕೆಲಸವೆಲ್ಲ ಒಂದು ಮೂಲೆಯದು

ಅಂಗಡಿಯಲ್ಲಿ ಸ್ಕ್ವೀಜಿ ಅನ್ನುತ್ತಾರೆ, ಹೌಸ್‌ಕೀಪಿಂಗ್‌ನವರ ಬಾಯಲ್ಲಿ ಅದು ಗ್ಲಾಸ್ ವೈಪರ್. ಒಂದು ಹಿಡಿ, ಅದಕ್ಕೆ ಅಡ್ಡಲಾಗಿ ಒಂದು ಲೋಹದ ಚಾನೆಲ್, ಚಾನೆಲ್ಲಿನೊಳಗೆ ತೂರಿಸಿದ ರಬ್ಬರ್ ಪಟ್ಟಿ. ಈ ಸರಳ ರೂಪ ಬಂದದ್ದು ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋಗಿ, ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ ಕಿಟಕಿ ತೊಳೆಯುತ್ತಿದ್ದ ಎಟ್ಟೊರೆ ಸ್ಟೆಕೋನೆ ಎಂಬ ಕಾರ್ಮಿಕನಿಂದ. 1936ರಲ್ಲಿ ಅವನು ಹಗುರ ಹಿತ್ತಾಳೆಯ, ಒಂದೇ ರಬ್ಬರಿನ ಸಾಧನವನ್ನು ರೂಪಿಸಿದ. ಅದಕ್ಕೆ ಮುಂಚೆ ಅಲ್ಲಿ ಬಳಕೆಯಲ್ಲಿದ್ದದ್ದು ಚಿಕಾಗೊ ಸ್ಕ್ವೀಜಿ ಎಂಬ ಭಾರದ ಉಕ್ಕಿನ ಸಾಧನ. ಅದಕ್ಕೆ ಎರಡು ರಬ್ಬರ್, ಹನ್ನೆರಡು ಸ್ಕ್ರೂ. ರಬ್ಬರ್ ಬದಲಿಸಬೇಕೆಂದರೆ ಹನ್ನೆರಡನ್ನೂ ಬಿಚ್ಚಿ ಮತ್ತೆ ಬಿಗಿಯಬೇಕಿತ್ತು. ರಬ್ಬರನ್ನು ಬೇಗ ಬದಲಿಸುವಂತಾಗಬೇಕು ಎಂಬುದು ಕೆಲಸಗಾರನೊಬ್ಬನ ಕೈ ಅನುಭವಿಸಿದ ಅಗತ್ಯ. ಇವತ್ತು ಒಂದೆರಡು ನಿಮಿಷದಲ್ಲಿ ಮುಗಿಯುವ ಆ ಕೆಲಸವನ್ನು ನಾವು ತಿಂಗಳುಗಟ್ಟಲೆ ಮುಂದೂಡುತ್ತಿದ್ದೇವೆ.

ಹೊಸ ರಬ್ಬರಿನ ತುದಿಯನ್ನು ಅಡ್ಡ ಕೊಯ್ದು ನೋಡಿದರೆ ಇಟ್ಟಿಗೆಯ ಮೂಲೆಯಂತೆ ಚೌಕವಾಗಿರುತ್ತದೆ. ವೈಪರನ್ನು ಓರೆಯಾಗಿ ಹಿಡಿದು ಎಳೆದಾಗ ಪಟ್ಟಿ ತುಸು ಬಾಗುತ್ತದೆ, ಅದರ ಎರಡು ಮೂಲೆಗಳಲ್ಲಿ ಒಂದು ಮಾತ್ರ ಗಾಜಿಗೆ ತಾಗುತ್ತದೆ. ಆ ಮೂಲೆ ಚೂಪಾಗಿದ್ದರೆ ಎದುರಿನ ನೀರಿಗೆ ಅದು ಗೋಡೆಯಂತೆ ಅಡ್ಡ ನಿಂತು ಎಲ್ಲವನ್ನೂ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಹಿಂದೆ ಏನೂ ಉಳಿಯುವುದಿಲ್ಲ.

ಮೂಲೆ ಸವೆದು ದುಂಡಗಾದಾಗ ಕಥೆ ಬೇರೆ. ಈಗ ರಬ್ಬರಿಗೂ ಗಾಜಿಗೂ ನಡುವೆ ಮುಂದೆ ಅಗಲ, ಹಿಂದೆ ಕಿರಿದಾದ ಒಂದು ಸಣ್ಣ ಸಂದು ಉಂಟಾಗುತ್ತದೆ. ನೀರು ಅದರೊಳಗೆ ನುಗ್ಗಿ ರಬ್ಬರನ್ನೇ ಎತ್ತಿಬಿಡುತ್ತದೆ. ಸವೆದ ಟೈರು ಮಳೆಗಾಲದ ರಸ್ತೆಯಲ್ಲಿ ನೀರಿನ ಮೇಲೆ ತೇಲಿ ಜಾರುವುದೂ ಹೀಗೆಯೇ. ರಬ್ಬರ್ ದಾಟಿಹೋದ ಮೇಲೆ ಗಾಜಿನ ಮೇಲೆ ತೀರಾ ತೆಳು ನೀರಿನ ಪದರ ಉಳಿಯುತ್ತದೆ. ನೀರು ಆರುತ್ತದೆ, ಅದರಲ್ಲಿದ್ದ ಸುಣ್ಣದಂಶವೂ ಸೋಪೂ ಅಲ್ಲೇ ಕೂರುತ್ತವೆ. ಗೆರೆ ಎಂದು ಕಾಣುವುದು ಅದೇ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗೆರೆ ಕಂಡ ಕೂಡಲೇ ನಾವು ಜೋರಾಗಿ ಒತ್ತುತ್ತೇವೆ. ಒತ್ತಿದಷ್ಟೂ ಪಟ್ಟಿ ಇನ್ನಷ್ಟು ಬಾಗಿ, ಮೂಲೆಯ ಬದಲು ರಬ್ಬರಿನ ಮೈಯೇ ಗಾಜಿನ ಮೇಲೆ ಮಲಗುತ್ತದೆ. ಕಾವಲಿಯಿಂದ ದೋಸೆ ಎಬ್ಬಿಸುವಾಗ ಸಟ್ಟುಗದ ಅಂಚು ತಾಗಬೇಕು, ಬೆನ್ನು ತಾಗಿದರೆ ದೋಸೆ ಏಳುವುದಿಲ್ಲ. ಇಲ್ಲಿಯೂ ಹಾಗೆ, ಒತ್ತಿದರೆ ಗೆರೆ ಹೆಚ್ಚುತ್ತದೆ, ರಬ್ಬರ್ ಬೇಗ ಸವೆಯುತ್ತದೆ, ಮಣಿಕಟ್ಟು ನೋಯುತ್ತದೆ. ದಿನಕ್ಕೊಮ್ಮೆ ಎರಡು ಕಿಟಕಿ ಒರೆಸುವವರಿಗೆ ಈ ನೋವು ಗೊತ್ತಾಗದು. ದಿನಕ್ಕೆ ಇನ್ನೂರು ಗಾಜು ಎಳೆಯುವವರಿಗೆ ಭುಜ ಎತ್ತಲಾಗದ ಸ್ಥಿತಿ ಬರುತ್ತದೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ?

ಒಂದು ರಬ್ಬರಿಗೆ ಎರಡು ಅಂಚು ಇವೆ ಎಂಬುದನ್ನು ಮೊದಲು ನೆನಪಿಡಿ. ಒಂದು ಅಂಚು ಸವೆದಾಗ ಪಟ್ಟಿಯನ್ನು ಚಾನೆಲ್ಲಿನಿಂದ ಹೊರಗೆಳೆದು, ಮಗ್ಗುಲು ಬದಲಿಸಿ ಮತ್ತೆ ತೂರಿಸಿದರೆ ಇನ್ನೊಂದು ಹೊಸ ಅಂಚು ಸಿಗುತ್ತದೆ. ಆದ್ದರಿಂದ ಲೆಕ್ಕ ಹಾಕಬೇಕಾದದ್ದು ರಬ್ಬರಿನದಲ್ಲ, ಅಂಚಿನದು.

ದಿನವಿಡೀ ಹೊರಗಾಜು ತೊಳೆಯುವವರು ದಿನಕ್ಕೊಂದು ಅಂಚು ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಅಂದರೆ ಎರಡು ದಿನಕ್ಕೊಂದು ರಬ್ಬರ್. ಧೂಳು ಕಡಿಮೆ ಇರುವ ಕಡೆ ವಾರಕ್ಕೆ ಎರಡು ರಬ್ಬರಿನಲ್ಲಿ ನಡೆದೀತು. ಅದಕ್ಕಿಂತ ಎಳೆದರೆ ಉಳಿಸಿದ ದುಡ್ಡು ಎರಡನೆಯ ಸಲ ಒರೆಸುವ ಸಮಯದಲ್ಲಿ ಹೋಗುತ್ತದೆ. ಆಫೀಸಿನ ಒಳಗಿನ ಪಾರ್ಟಿಷನ್ ಗಾಜು, ಲಿಫ್ಟಿನ ಕನ್ನಡಿ ಇಂಥವನ್ನಷ್ಟೇ ಒರೆಸುವವರಿಗೆ ಒಂದು ಅಂಚು ವಾರ ಬರಬಹುದು. ಬೆಳಿಗ್ಗೆ ಬಾಗಿಲು ತೆರೆದಾಗ ಷೋಕೇಸ್ ಮತ್ತು ಗಾಜಿನ ಬಾಗಿಲು ಒರೆಸುವ ಅಂಗಡಿಯವರು ಒಂದೊಂದು ಅಂಚನ್ನು ಒಂದೂವರೆ ಎರಡು ತಿಂಗಳು ಬಳಸಬಹುದು. ಮನೆಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಬಳಸುವವರು ಆರು ತಿಂಗಳಿಗೆ ಬದಲಿಸಿದರೆ ಸಾಕು. ಹಬ್ಬಕ್ಕೊಮ್ಮೆ ಮಾತ್ರ ಬಳಸಿದರೂ ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ.

ಇವು ನಾನು ಕಂಡ, ಕೇಳಿದ ಕೆಲಸದ ಆಧಾರದ ಮೇಲೆ ಕೊಡುತ್ತಿರುವ ಅಂದಾಜು. ನಿಮ್ಮ ಲೆಕ್ಕವನ್ನು ನೀವೇ ಕಂಡುಕೊಳ್ಳಲು ಒಂದು ಸುಲಭ ದಾರಿ ಇದೆ. ಅಂಚು ಬದಲಿಸಿದ ದಿನವನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ಮೊದಲ ಗೆರೆ ಕಂಡ ದಿನವನ್ನೂ ಬರೆಯಿರಿ. ನಾಲ್ಕೈದು ಸಲ ಬರೆದ ಮೇಲೆ ನಿಮ್ಮ ಕಟ್ಟಡದಲ್ಲಿ ಅಂಚು ಎಷ್ಟು ಬಾಳುತ್ತದೆ ಎಂಬುದು ತಾನೇ ತಿಳಿಯುತ್ತದೆ. ಆ ಅವಧಿಗೆ ತುಸು ಮುಂಚೆಯೇ ಬದಲಿಸುವ ರೂಢಿ ಮಾಡಿಕೊಳ್ಳಿ. ಮೇಲ್ವಿಚಾರಕರು ಈ ಪುಸ್ತಕ ಇಟ್ಟರೆ ಇಂಡೆಂಟ್ ಹಾಕುವಾಗ ‘ಅಂದಾಜಿಗೆ ಎರಡು’ ಎಂದು ಬರೆಯುವ ಅಭ್ಯಾಸವೂ ತಪ್ಪುತ್ತದೆ.

ನಮ್ಮ ಕಡೆ ರಬ್ಬರ್ ಬೇಗ ಸಾಯುವುದೇಕೆ?

ಹೊರದೇಶದ ಪ್ಯಾಕೆಟ್ಟಿನ ಮೇಲಿರುವ ಸಲಹೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಿಲ್ಲುವುದಿಲ್ಲ. ಇಲ್ಲಿ ಗಾಜಿನ ಮೇಲೆ ಕೂರುವ ಧೂಳಿನಲ್ಲಿ ಮಣ್ಣಿನ ಜೊತೆ ಎಂ-ಸ್ಯಾಂಡ್, ಸಿಮೆಂಟು, ಗ್ರಾನೈಟ್ ಕೊಯ್ದ ಪುಡಿ ಇರುತ್ತವೆ. ಇವು ರಬ್ಬರಿನ ಅಂಚಿಗೆ ಸ್ಯಾಂಡ್‌ಪೇಪರಿನಂತೆ. ನೀರು ಹಚ್ಚಿ ಮೊದಲ ಸಲ ಧೂಳನ್ನು ಇಳಿಸದೆ ನೇರವಾಗಿ ವೈಪರ್ ಎಳೆದರೆ ಹೊಸ ಅಂಚು ಮಧ್ಯಾಹ್ನದೊಳಗೆ ಮೊಂಡಾಗುತ್ತದೆ.

ಎರಡನೆಯದು ಬೋರ್‌ವೆಲ್ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವ ಟ್ಯಾಂಕರ್ ನೀರನ್ನು ಕಂಡವರಿಗೆ ಗಡಸುತನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಾಜಿನ ಮೇಲೆ ಆರಿದ ಇಂಥ ನೀರಿನ ಹನಿ ಒಂದು ಸಣ್ಣ ಒರಟು ಕಲೆಯಾಗಿ ನಿಲ್ಲುತ್ತದೆ. ಗಿಡಕ್ಕೆ ನೀರು ಹಾಯಿಸುವಾಗ ಸಿಡಿಯುವ ಕೆಳಗಿನ ಕಿಟಕಿಗಳಲ್ಲಿ ಅದು ಪದರ ಪದರವಾಗಿ ಕೂತು, ರಬ್ಬರಿನ ಅಂಚನ್ನು ಅರದ ಹಾಗೆ ತೀಡುತ್ತದೆ. ಸಾಧ್ಯವಿದ್ದ ಕಡೆ ಕೊನೆಯ ಒರೆಸುವಿಕೆಗಾದರೂ ಕಾವೇರಿ ನೀರನ್ನೋ ಆರ್‌ಓ ನೀರನ್ನೋ ಒಂದು ಬಕೆಟ್ ಇಟ್ಟುಕೊಳ್ಳಿ.

ಮಂಗಳೂರು, ಕಾರವಾರದ ಕಡಲ ಬದಿಯ ಗಾಜಿನಲ್ಲಿ ಧೂಳಿಗಿಂತ ಉಪ್ಪಿನ ಕಾಟ. ಅದು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಮೊದಲು ಬರೀ ನೀರಿನಲ್ಲಿ ತೊಳೆದರೆ ಮುಗಿಯಿತು. ಕಲಬುರಗಿ, ರಾಯಚೂರಿನ ಬೇಸಿಗೆ ಇನ್ನೊಂದು ಬಗೆ. ಬಿಸಿಲಿಗೆ ಕಾದ ಗಾಜಿನ ಮೇಲೆ ಸೋಪುನೀರು ಎಳೆಯುವ ಮುಂಚೆಯೇ ಆರುತ್ತದೆ, ರಬ್ಬರ್ ಒಣ ಗಾಜಿನ ಮೇಲೆ ಉಜ್ಜುತ್ತದೆ, ಕಿರುಗುಟ್ಟುತ್ತ ಕುಪ್ಪಳಿಸುತ್ತದೆ. ಅಂಥ ಊರಲ್ಲಿ ಪಡುವಣ ಗಾಜನ್ನು ಬೆಳಿಗ್ಗೆ, ಮೂಡಣ ಗಾಜನ್ನು ಸಂಜೆ ತೊಳೆಯಿರಿ. ರಬ್ಬರಿನಲ್ಲಿಯೂ ಗಟ್ಟಿ, ಮೆದು ಎಂದು ಎರಡು ಬಗೆ ಸಿಗುತ್ತವೆ. ಬಿಸಿಲೂರಿಗೆ ಗಟ್ಟಿಯದು, ಚಳಿಯ ಊರಿಗೆ ಮೆದುವಾದದ್ದು ಎಂಬುದು ಕಸುಬಿನವರ ರೂಢಿ. ಚಳಿಯಲ್ಲಿ ರಬ್ಬರ್ ಬಿಗಿಯುತ್ತದೆ, ಬಿಸಿಲಲ್ಲಿ ಸಡಿಲುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಮಡಿಕೇರಿಯ ಡಿಸೆಂಬರಿಗೆ ಮೆದುವಾದದ್ದು ಚೆನ್ನ.

ಬಳಕೆಯ ಸವೆತವಲ್ಲದೆ ರಬ್ಬರಿಗೆ ಗಾಳಿಯೂ ಶತ್ರು. ಗಾಳಿಯಲ್ಲಿರುವ ಓಜೋನ್ ನೈಸರ್ಗಿಕ ರಬ್ಬರಿನ ಅಣುಸರಪಳಿಯನ್ನು ಕತ್ತರಿಸುತ್ತದೆ. ಎಳೆದು ಬಿಗಿದಿಟ್ಟ ರಬ್ಬರಿನಲ್ಲಿ ಇದು ಇನ್ನೂ ಬೇಗ, ಸಣ್ಣ ಅಡ್ಡಬಿರುಕುಗಳಾಗಿ ಕಾಣುತ್ತದೆ. ಬಿಸಿಲೂ ಕಾವೂ ಕಾಲಕ್ರಮೇಣ ಅದನ್ನು ಗಡುಸು ಮಾಡುತ್ತವೆ. ಎಣ್ಣೆ, ಡೀಸೆಲ್, ಸೀಮೆಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. 

ಸತ್ತಿದೆಯೋ ಇಲ್ಲವೋ: ಮೂರು ಪರೀಕ್ಷೆ

ಬೆಳಕಿನ ಪರೀಕ್ಷೆ ಮೊದಲನೆಯದು. ರಬ್ಬರನ್ನು ಒಣಗಿಸಿ, ಅಂಚನ್ನು ಕಣ್ಣಿನ ಎದುರಿಗೆ ಹಿಡಿದು ಮೊಬೈಲಿನ ಟಾರ್ಚ್ ಬಿಡಿ. ಚೂಪಾದ ಮೂಲೆ ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಸವೆದ ಮೂಲೆ ಸಣ್ಣ ಹೊಳೆಯುವ ದಾರದಂತೆ ಕಾಣುತ್ತದೆ. ಮೊಂಡಾದ ಈಳಿಗೆಯ ಬಾಯಿ ಬೆಳಕಿಗೆ ಮಿಂಚುವುದನ್ನು ನೋಡಿದ್ದರೆ ಇದು ತಕ್ಷಣ ಗುರುತು ಸಿಗುತ್ತದೆ.

ಆಮೇಲೆ ಬೆರಳು. ಬೆರಳಿನ ತುದಿಯ ಮೆತ್ತನೆಯ ಭಾಗವನ್ನು ಅಂಚಿನುದ್ದಕ್ಕೂ ಹಗುರವಾಗಿ ಆಡಿಸಿ. ಉಗುರು ತಾಗಿಸಬೇಡಿ, ಅದೇ ಗಾಯ ಮಾಡೀತು. ಹೊಸ ಅಂಚು ಬೆರಳನ್ನು ಹಿಡಿದಂತೆ ಅನಿಸುತ್ತದೆ, ಹಳೆಯದು ಜಾರುತ್ತದೆ. ಎಲ್ಲಾದರೂ ಸಣ್ಣ ಹಲ್ಲು ಮುರಿದಂತೆ ತಗ್ಗು ಸಿಕ್ಕರೆ ಅಲ್ಲೇ ಗೆರೆ ಬೀಳುತ್ತಿದೆ ಎಂದು ತಿಳಿಯಿರಿ.

ಮೂರನೆಯದು ಕನ್ನಡಿ. ಗೋಡೆಯ ಕನ್ನಡಿಗೆ ಸೋಪುನೀರು ಹಚ್ಚಿ, ಒತ್ತದೆ, ವೈಪರಿನ ತೂಕದಷ್ಟೇ ಕೈಕೊಟ್ಟು ಒಂದೇ ನೇರ ಎಳೆತ ಎಳೆಯಿರಿ. ಈಗ ಓರೆಯಾಗಿ ನೋಡಿ. ಮಂಜಿನಂಥ ಪೊರೆ ಅಗಲಕ್ಕೂ ಉಳಿದಿದ್ದರೆ ಅಂಚು ಪೂರ್ತಿ ದುಂಡಗಾಗಿದೆ. ಒಂದೇ ಗೆರೆ ಇದ್ದು, ಮತ್ತೆ ಎಳೆದಾಗಲೂ ವೈಪರಿನ ಅದೇ ಜಾಗದಿಂದ ಬಂದರೆ ಅಲ್ಲಿ ಕಚ್ಚು ಬಿದ್ದಿದೆ. ಗೆರೆ ಜಾಗ ಬದಲಿಸುತ್ತಿದ್ದರೆ ಅಂಚಿಗೆ ಕೂದಲೋ ಮರಳಿನ ಕಣವೋ ಅಂಟಿದೆ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಎರಡು ಎಳೆತ ಸೇರುವ ಕಡೆ ಮಾತ್ರ ಗೆರೆ ಇದ್ದರೆ ರಬ್ಬರಿನ ತಪ್ಪಿಲ್ಲ, ಒಂದು ಎಳೆತ ಇನ್ನೊಂದರ ಮೇಲೆ ಒಂದೆರಡು ಇಂಚು ಬರುವಂತೆ ನೋಡಿಕೊಳ್ಳಿ. ಒಂದು ತುದಿಯಲ್ಲಿ ಮಾತ್ರ ನೀರು ಉಳಿದರೆ ಚಾನೆಲ್ ಸೊಟ್ಟಗಾಗಿರಬಹುದು. ಚಾನೆಲನ್ನು ಟೈಲ್ಸಿನ ಮೇಲೆ ಮಲಗಿಸಿ ಸಂದು ಕಾಣುತ್ತದೆಯೇ ನೋಡಿ. ಸೊಟ್ಟ ಚಾನೆಲ್ಲಿಗೆ ಎಷ್ಟು ಹೊಸ ರಬ್ಬರ್ ಹಾಕಿದರೂ ದಂಡ.

ಬದಲಿಸುವ ಕ್ರಮ

1. ಅಂಗಡಿಗೆ ಹೋಗುವಾಗ ಹಳೆಯ ರಬ್ಬರಿನ ಒಂದು ತುಂಡು ಕೊಯ್ದು ಒಯ್ಯಿರಿ. ಚಾನೆಲ್ಲಿನೊಳಗೆ ಕೂರುವ ಮೇಲ್ತುದಿ ಕೆಲವದರಲ್ಲಿ ದುಂಡಗೆ, ಕೆಲವದರಲ್ಲಿ ಚಪ್ಪಟೆ. ಒಂದು ಕಂಪನಿಯದು ಇನ್ನೊಂದರ ಚಾನೆಲ್ಲಿಗೆ ಸಡಿಲವಾಗಬಹುದು, ಇಲ್ಲವೇ ತೂರದೇ ಇರಬಹುದು. ಕೊಳ್ಳುವಾಗಲೇ ಅಂಚನ್ನು ಪೂರ್ತಿ ಉದ್ದಕ್ಕೂ ನೋಡಿ. ಮಡಚಿ ತುರುಕಿಟ್ಟ ರಬ್ಬರ್ ಹೊಸದಾದರೂ ಕೊಳ್ಳಬೇಡಿ, ಆ ಮಡಿಕೆ ಹೋಗುವುದಿಲ್ಲ.

2. ಹಿಡಿಯ ಕ್ಲಿಪ್ ಅಥವಾ ಸ್ಕ್ರೂ ಸಡಿಲಿಸಿ ಚಾನೆಲ್ ಬಿಡಿಸಿ. ಕೆಲವು ಚಾನೆಲ್‌ಗಳಲ್ಲಿ ತುದಿಗೆ ಸಣ್ಣ ಕ್ಲಿಪ್ ಇರುತ್ತದೆ, ಅದು ಕಳೆಯದಂತೆ ಎತ್ತಿಡಿ. ರಬ್ಬರನ್ನು ಒಂದು ತುದಿಯಿಂದ ಹಿಡಿದು ಮೆಲ್ಲಗೆ ಹೊರಗೆಳೆಯಿರಿ.

3. ಚಾನೆಲ್ಲಿನ ಕಾಲುವೆಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಇದನ್ನು ಮಾಡುವವರು ತೀರಾ ಕಡಿಮೆ. ಒಳಗೆ ಕೂತ ಸುಣ್ಣ ಮತ್ತು ಮರಳು ಹೊಸ ರಬ್ಬರನ್ನು ಅಲ್ಲಲ್ಲಿ ಕೆಳಕ್ಕೆ ತಳ್ಳಿ ಅಂಚನ್ನು ಅಲೆಅಲೆಯಾಗಿಸುತ್ತವೆ. ಅಂಥ ವೈಪರಿನಲ್ಲಿ ಬೀಳುವ ಗೆರೆಗೆ ಕಾರಣವೇ ಸಿಗದೆ ಜನ ತಲೆ ಕೆಡಿಸಿಕೊಳ್ಳುತ್ತಾರೆ.

4. ಹೊಸ ರಬ್ಬರನ್ನು ಸೋಪುನೀರಿನಲ್ಲಿ ಅದ್ದಿ ತೂರಿಸಿ, ಸುಲಭವಾಗಿ ಜಾರುತ್ತದೆ. ಜಗ್ಗಿ ಜಗ್ಗಿ ಎಳೆಯಬೇಡಿ. ಜಗ್ಗಿದ ರಬ್ಬರ್ ತೆಳುವಾಗುತ್ತದೆ, ಆಮೇಲೆ ಒಳಕ್ಕೆ ಸೇದಿಕೊಂಡು ತುದಿಯಲ್ಲಿ ಲೋಹ ಹೊರಗೆ ಕಾಣುತ್ತದೆ. ಆ ಲೋಹ ಗಾಜನ್ನು ಗೀರಬಹುದು.

5. ಚಾನೆಲ್ಲಿನ ಎರಡೂ ಕಡೆ ರಬ್ಬರ್ ಸುಮಾರು 3 ಮಿಲಿಮೀಟರ್ ಹೊರಗಿರಬೇಕು. ಕಿಟಕಿಯ ಚೌಕಟ್ಟಿನ ಮೂಲೆಗೆ ಲೋಹ ತಾಗದೆ ರಬ್ಬರ್ ತಾಗಲಿ ಎಂಬುದಕ್ಕೆ ಇದು. ಹೆಚ್ಚಿದ್ದರೆ ಹೊಸ ಬ್ಲೇಡಿನಿಂದ, ಹಲಗೆಯ ಮೇಲಿಟ್ಟು, ಒಂದೇ ಏಟಿಗೆ ನೇರವಾಗಿ ಕೊಯ್ಯಿರಿ. ಕತ್ತರಿಯಲ್ಲಿ ಕೊಯ್ದರೆ ತುದಿ ಓರೆಯಾಗುತ್ತದೆ.

6. ಈಗ ಬಳಸುತ್ತಿರುವ ಮಗ್ಗುಲಿನ ಮೇಲ್ಭಾಗದಲ್ಲಿ, ಅಂಚಿನಿಂದ ದೂರ, ವೈಟ್ನರಿನಿಂದ ಒಂದು ಚುಕ್ಕೆ ಇಡಿ. ಮಗ್ಗುಲು ಬದಲಿಸಿದಾಗ ಅತ್ತ ಎರಡು ಚುಕ್ಕೆ. ಸವೆದ ಅಂಚನ್ನೇ ತಿಳಿಯದೆ ಮತ್ತೆ ಮುಂದಕ್ಕೆ ತಿರುಗಿಸುವ ತಪ್ಪು ಇದರಿಂದ ತಪ್ಪುತ್ತದೆ.

7. ಕೆಲಸ ಶುರುಮಾಡುವ ಮುಂಚೆ ಕನ್ನಡಿಯ ಮೇಲೆ ಒಂದು ಎಳೆತ. ಹೊಸ ರಬ್ಬರೂ ಕೆಲವೊಮ್ಮೆ ಕಾರ್ಖಾನೆಯಲ್ಲೇ ಕಚ್ಚು ಬಿದ್ದು ಬಂದಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹರಿಯುವವರೆಗೆ ಕಾಯುವುದು ಎಲ್ಲಕ್ಕಿಂತ ದೊಡ್ಡದು. ರಬ್ಬರ್ ಹರಿಯುವುದಕ್ಕೂ ಅಂಚು ಹೋಗುವುದಕ್ಕೂ ಸಂಬಂಧವಿಲ್ಲ. ಹರಿಯುವ ಹೊತ್ತಿಗೆ ಅಂಚು ಹೋಗಿ ಎಷ್ಟೋ ಕಾಲ ಆಗಿರುತ್ತದೆ. ಕ್ಷೌರದ ಬ್ಲೇಡು ಮುರಿಯುವವರೆಗೆ ಯಾರೂ ಗಡ್ಡ ಹೆರೆಯುವುದಿಲ್ಲ.

ಇಲ್ಲಿ ಕೆಲಸ ಮಾಡಿಸುವವರಿಗೆ ಒಂದು ಮಾತು ಹೇಳಲೇಬೇಕು. ಒಂದು ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಹೆಣ್ಣುಮಗಳೊಬ್ಬಳನ್ನು ಗೆರೆ ಬಿಟ್ಟಿದ್ದಕ್ಕಾಗಿ ಎಲ್ಲರೆದುರು ಗದರಿದ್ದನ್ನು ನಾನು ನೋಡಿದ್ದೇನೆ. ಅವಳ ಕೈಯಲ್ಲಿದ್ದ ವೈಪರಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. “ಅಣ್ಣ, ಹೊಸದು ಕೇಳಿ ಎರಡು ತಿಂಗಳಾಯ್ತು” ಎಂದಳು, ಸಣ್ಣ ದನಿಯಲ್ಲಿ. ಒಂದು ರಬ್ಬರಿನ ಬೆಲೆ ಒಂದು ಹೊತ್ತಿನ ಊಟದ ಆಸುಪಾಸು. ಅದನ್ನು ಉಳಿಸಿ, ಒಬ್ಬಳ ದಿನದ ಅರ್ಧ ದುಡಿಮೆಯನ್ನೂ ಅವಳ ಭುಜವನ್ನೂ ಮರ್ಯಾದೆಯನ್ನೂ ಕಳೆಯುವುದು ಯಾವ ಲೆಕ್ಕ? ರಬ್ಬರನ್ನು ಸೋಪು, ಬಟ್ಟೆಯ ಹಾಗೆ ತಿಂಗಳ ಸಾಮಾನಿನ ಪಟ್ಟಿಗೆ ಸೇರಿಸಿ. ಕೇಳಿದ ಮೇಲೆ ಕೊಡುವ ವಸ್ತುವಾಗಿ ಇಡಬೇಡಿ.

ಸ್ಯಾಂಡ್‌ಪೇಪರಿನಿಂದ ಉಜ್ಜಿ ಅಂಚು ಹರಿತ ಮಾಡಲು ನೋಡುವವರಿದ್ದಾರೆ. ಕಬ್ಬಿಣಕ್ಕೆ ಸಾಣೆ ಹಿಡಿದಂತೆ ರಬ್ಬರಿಗೆ ಹಿಡಿಯಲಾಗದು. ಉಜ್ಜಿದ ಅಂಚು ಕಣ್ಣಿಗೆ ನೇರ ಕಂಡರೂ ಅದರ ತುಂಬ ಸಣ್ಣ ಗರಗಸದ ಹಲ್ಲುಗಳಿರುತ್ತವೆ, ಒಂದು ಗೆರೆಯ ಬದಲು ನೂರು ಗೆರೆ ಸಿಗುತ್ತದೆ.

ಸೋಪು ತೀರಾ ಕಡಿಮೆ ಹಾಕುವುದು ಕೂಡ ರಬ್ಬರ್ ಕೊಲ್ಲುವ ದಾರಿ. ಸೋಪು ಕೊಳೆ ಬಿಡಿಸುವುದಷ್ಟೇ ಅಲ್ಲ, ರಬ್ಬರ್ ಜಾರಲು ನೆರವಾಗುತ್ತದೆ. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚದಷ್ಟು ಸಾಕು. ಕೈಯಲ್ಲಿ ಮುಟ್ಟಿದರೆ ಜಾರಬೇಕು, ಬಕೆಟ್ಟಿನ ತುಂಬ ನೊರೆ ಏಳಬಾರದು. ನೀರು ಕಪ್ಪಾದ ಕೂಡಲೇ ಚೆಲ್ಲಿ, ಇಲ್ಲದಿದ್ದರೆ ಮರಳನ್ನು ಗಾಜಿಗೆ ನೀವೇ ಹಚ್ಚಿದಂತೆ.

ಹೊಸ ಕಟ್ಟಡದ ಮೊದಲ ತೊಳೆತಕ್ಕೆ ಹೊಸ ರಬ್ಬರ್ ಹಾಕುವುದು ಇನ್ನೊಂದು. ಪೇಂಟಿನ ಚುಕ್ಕೆ, ಸಿಮೆಂಟು ಸಿಡಿತ, ಗಾಜಿನ ಸುತ್ತಲಿನ ಸಿಲಿಕೋನ್ ಅಂಟು, ಇವೆಲ್ಲ ಅಂಚನ್ನು ಕಚ್ಚುತ್ತವೆ. ಅಲ್ಲಿ ಹಳೆಯ ರಬ್ಬರಿನಲ್ಲಿ ಎರಡು ಸುತ್ತು ತೊಳೆದು, ಕೊನೆಯ ಸುತ್ತಿಗೆ ಮಾತ್ರ ಹೊಸದನ್ನು ತೊಡಿಸಿ.

ಎಚ್ಚರಿಕೆ

ಗಾಜಿಗೆ ಸನ್‌ಫಿಲ್ಮ್ ಅಂಟಿಸಿದ್ದರೆ ಸವೆದ, ಮರಳು ಕಚ್ಚಿದ ರಬ್ಬರನ್ನು ಅದರ ಮೇಲೆ ಎಳೆಯಲೇಬೇಡಿ. ಗಾಜಿಗಿಂತ ಫಿಲ್ಮ್ ಬಹಳ ಮೆದು, ಬಿದ್ದ ಗೀರು ಹೋಗುವುದಿಲ್ಲ.

ಸುಣ್ಣದ ಕಲೆ ತೆಗೆಯಲು ಬಾತ್‌ರೂಮಿನ ಆ್ಯಸಿಡ್ ಬಳಸಬೇಡಿ. ಅದು ಅಲ್ಯೂಮಿನಿಯಂ ಚೌಕಟ್ಟನ್ನೂ ಚಾನೆಲನ್ನೂ ತಿನ್ನುತ್ತದೆ, ಅದರ ಹೊಗೆ ಎದೆಗೆ ಹೋಗುತ್ತದೆ. ನೀರು ಬೆರೆಸಿದ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆದ ಮೇಲೆ ವೈಪರ್ ಹಾಕಿ.

ಮನೆಯ ಹೊರಗಾಜು ಒರೆಸಲು ಸಜ್ಜದ ಮೇಲೆ ಇಳಿಯಬೇಡಿ, ಕೆಲಸದವರನ್ನೂ ಇಳಿಸಬೇಡಿ. ಸೋಪುನೀರು ಬಿದ್ದ ಸಿಮೆಂಟು ಜಾರುತ್ತದೆ. ಒಳಗೆ ನಿಂತು ಉದ್ದ ಕೋಲಿನಿಂದ ಎಟುಕದ ಗಾಜಾದರೆ ಹಗ್ಗ, ಬೆಲ್ಟು, ತರಬೇತಿ ಇರುವವರನ್ನು ಕರೆಯಿರಿ. ಎಟುಕದ ಗಾಜು ಧೂಳಾಗಿಯೇ ಇರಲಿ, ಪರವಾಗಿಲ್ಲ.

ಇಡುವ ಬಗೆ

ಕೆಲಸ ಮುಗಿದ ಮೇಲೆ ಬರೀ ನೀರಿನಲ್ಲಿ ರಬ್ಬರ್ ತೊಳೆದು, ಒದ್ದೆ ಬಟ್ಟೆಯನ್ನು ಅಂಚಿಗೆ ಮಡಚಿ ಹಿಡಿದು ಒಮ್ಮೆ ಉದ್ದಕ್ಕೂ ಎಳೆಯಿರಿ. ನೆರಳಿನಲ್ಲಿ ಒಣಗಿಸಿ. ವೈಪರನ್ನು ರಬ್ಬರಿನ ಮೇಲೆ ನಿಲ್ಲಿಸಿಡುವುದು, ಬಕೆಟ್ಟಿನೊಳಗೆ ಬಾಗಿಸಿ ತುರುಕುವುದು ಬೇಡ, ರಾತ್ರಿ ಬೆಳಗಾಗುವುದರೊಳಗೆ ಅದೇ ಬಾಗು ನಿಂತುಬಿಡುತ್ತದೆ. ಮೊಳೆಗೆ ಹಿಡಿಯಿಂದ ನೇತುಹಾಕಿ.

ಅಪಾರ್ಟ್‌ಮೆಂಟುಗಳಲ್ಲಿ ಕ್ಲೀನಿಂಗ್ ಸಾಮಾನು ಇಡಲು ಸಾಮಾನ್ಯವಾಗಿ ಕೊಡುವ ಜಾಗ ಪಂಪ್ ರೂಮು ಅಥವಾ ಜನರೇಟರ್ ಪಕ್ಕದ ಮೂಲೆ. ರಬ್ಬರಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಕಾವು ಇದೆ, ಡೀಸೆಲ್ಲಿನ ವಾಸನೆ ಇದೆ, ಕಿಡಿ ಹಾರುವ ಮೋಟಾರಿನಿಂದ ಓಜೋನೂ ಹುಟ್ಟಬಹುದು. ಸಾಲದ್ದಕ್ಕೆ ಪಕ್ಕದಲ್ಲೇ ಫಿನಾಯಿಲು, ಬ್ಲೀಚಿಂಗ್ ಪೌಡರು. ಹೊಸ ರಬ್ಬರುಗಳನ್ನಾದರೂ ಅಲ್ಲಿಂದ ಎತ್ತಿ ಬೇರೆ ಇಡಿ. ಎರಡೂ ಕಡೆ ಮುಚ್ಚಳವಿರುವ ಒಂದು ಪಿವಿಸಿ ಪೈಪಿನ ತುಂಡು ಇದಕ್ಕೆ ಬಹಳ ಒಳ್ಳೆಯ ಡಬ್ಬಿ. ರಬ್ಬರುಗಳನ್ನು ಜಗ್ಗದೆ, ಮಡಚದೆ ನೇರವಾಗಿ ಇಳಿಬಿಟ್ಟು, ಒಂದು ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿದರೆ ಒಂದಕ್ಕೊಂದು ಅಂಟುವುದಿಲ್ಲ. ಒಂದೇ ಸಲ ವರ್ಷಕ್ಕಾಗುವಷ್ಟು ಕೊಂಡು ಪೇರಿಸುವುದಕ್ಕಿಂತ ಮೂರು ತಿಂಗಳಿಗಾಗುವಷ್ಟು ತಂದಿಡುವುದು ಮೇಲು.

ಹಳೆಯದನ್ನು ಕೂಡಲೇ ಎಸೆಯಬೇಕಿಲ್ಲ. 45 ಸೆಂಟಿಮೀಟರಿನ ರಬ್ಬರಿನಲ್ಲಿ ಕಚ್ಚು ಒಂದು ತುದಿಯ ಹತ್ತಿರ ಮಾತ್ರ ಇದ್ದರೆ, ಆ ಭಾಗ ಕೊಯ್ದು ಉಳಿದದ್ದನ್ನು 35ರ ಚಾನೆಲ್ಲಿಗೋ 25ರ ಚಾನೆಲ್ಲಿಗೋ ತೊಡಿಸಬಹುದು. ಚಿಕ್ಕ ಚಿಕ್ಕ ಗಾಜಿನ ಫ್ರೆಂಚ್ ಕಿಟಕಿ, ವೆಂಟಿಲೇಟರುಗಳಿಗೆ ಅದು ಚೆನ್ನಾಗಿ ಒದಗುತ್ತದೆ. ಎರಡೂ ಅಂಚು ಹೋದದ್ದು ಹೊಸ ಕಟ್ಟಡದ ಮೊದಲ ಸುತ್ತಿಗೆ, ಅಡುಗೆಮನೆಯ ಕಟ್ಟೆಯ ನೀರು ತಳ್ಳಲು ಆಗುತ್ತದೆ. ಅಂಥವನ್ನು ಬೇರೆ ಚೀಲದಲ್ಲಿಡಿ, ಪೈಪಿನೊಳಗೆ ಹೊಸದರ ಜೊತೆ ಮಾತ್ರ ಸೇರಿಸಬೇಡಿ. ಬೆಳಗಿನ ಗಡಿಬಿಡಿಯಲ್ಲಿ ಕೈಗೆ ಮೊದಲು ಸಿಗುವುದು ಅದೇ ಆಗಿರುತ್ತದೆ.